ಕಚೇರಿಯ ಜಾಲಕ್ಕೆ ಕಾವಲು

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಅನೇಕರು ಗಿರಣಿ, ಪೇಢಿ, ಶಾಲೆಗಳ ಕಚೇರಿಗಳಲ್ಲಿ ದುಡಿಯುವವರು. ಹೊರಗಿನ ಯಂತ್ರಗಳು ಕಚೇರಿಯ ಜಾಲಕ್ಕೆ ಸೇರದಂತೆ ಏನು ಮಾಡಬೇಕೆಂದು ವಿಚಾರಿಸುವ ಕೆಲಸ ಈಗೀಗ ಗುಮಾಸ್ತರ ಮೇಜಿಗೂ ಬರುತ್ತಿದೆ. ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಗಿರಣಿಯ ಗೇಟಿನಲ್ಲಿ ಪಾಸು ನೋಡದೆ ಯಾರನ್ನೂ ಬಿಡುವುದಿಲ್ಲ. ಆದರೆ ಒಳಗಿನ ಗೋಡೆಯ ಸಾಕೆಟ್ಟಿಗೆ ಯಾರು ತಂತಿ ಸಿಕ್ಕಿಸಿದರೂ ಸ್ವಿಚ್ಚು "ನೀನಾರು?" ಎಂದು ಕೇಳುವುದಿಲ್ಲ. ಹಾಗೆ ಕೇಳಿಸುವುದೇ ಜಾಲ ಪ್ರವೇಶ ನಿಯಂತ್ರಣ. ಇದಕ್ಕೆ ಆಧಾರವಾದ 802.1ಎಕ್ಸ್ ಎಂಬ ನಿಯಮಾವಳಿ 2001ರಲ್ಲಿ ಪ್ರಕಟವಾಯಿತು. ಇದರಲ್ಲಿ ಪಾತ್ರಧಾರಿಗಳು ಮೂವರು: ಒಳಬರುವ ಯಂತ್ರ, ಬಾಗಿಲಲ್ಲಿ ನಿಂತ ಸ್ವಿಚ್ಚು, ಹಿಂದೆ ಪಟ್ಟಿ ಹಿಡಿದು ಕುಳಿತ ರೇಡಿಯಸ್ ಸರ್ವರು. ತೀರ್ಪು ಸರ್ವರಿನದು; ಸ್ವಿಚ್ಚು ಬರಿಯ ಜವಾನ.

ಯಂತ್ರಗಳ ಮ್ಯಾಕ್ ವಿಳಾಸಗಳ ಪಟ್ಟಿ ಇಟ್ಟರೆ ಸಾಲದೆ? ಸಾಲದು. 48 ಬಿಟ್ಟಿನ ಆ ವಿಳಾಸವನ್ನು ನಕಲು ಮಾಡುವುದು ಬಲು ಸುಲಭ. ಮೇಲಾಗಿ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲೆ ಫೋನುಗಳು ತಾವಾಗಿಯೇ ಜಾಲಕ್ಕೊಂದು ಹುಸಿ ವಿಳಾಸ ಹೇಳತೊಡಗಿವೆ. ಗುಪ್ತಪದವೋ, ಚಹಾದ ಹೊತ್ತಿನಲ್ಲಿ ಬಾಯಿಂದ ಬಾಯಿಗೆ ಹೋಗುವಂಥದು. ಯಂತ್ರಕ್ಕೊಂದು ಪ್ರಮಾಣಪತ್ರ ಕೊಡುವ ಇಎಪಿ-ಟಿಎಲ್ಎಸ್ ವಿಧಾನವೇ ನಮಗೆ ಮೇಲೆನಿಸುತ್ತದೆ. ಆದರೆ ಪತ್ರದ ಅವಧಿ ಮುಗಿಯುವ ದಿನವನ್ನು ದಫ್ತರದಲ್ಲಿ ಬರೆದಿಡತಕ್ಕದ್ದು.

ನಾವು ದುಡಿಯುವ ಗಿರಣಿಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇವೆ. ಮಾರಾಟಗಾರರ ಮಾತಿಗೆ ಒಪ್ಪಿ ಎಲ್ಲ ಸ್ವಿಚ್ಚುಗಳಿಗೂ ಒಂದೇ ದಿನ ಬೀಗ ಹಾಕಿದರು. ಮರುದಿನ ಮೊದಲ ಪಾಳಿಗೆ ಹಾಜರಿ ಯಂತ್ರಗಳು ಮೂಕವಾದವು, ಅವಕ್ಕೆ 802.1ಎಕ್ಸ್ ಭಾಷೆಯೇ ಬಾರದು! ಹಾಜರಿಯನ್ನು ಕೈಯಲ್ಲಿ ಬರೆದೆವು. ಅವಸರದಲ್ಲಿ ಕೆಲವು ಬದಲಿ ಕೆಲಸಗಾರರ ದಿನಗಳು ಬಿಟ್ಟುಹೋದವು, ಸಂಬಳ ಕಡಿಮೆ ಬಂತು. ಕೂಲಿ ಕಡಿತವಾದವನು ಸ್ವಿಚ್ಚನ್ನು ಬಯ್ಯುವುದಿಲ್ಲ, ಗುಮಾಸ್ತನನ್ನೇ ಬಯ್ಯುತ್ತಾನೆ. ಬಯ್ಯಲಿ, ತಪ್ಪು ನಮ್ಮದೇ. ಮೊದಲು ಯಂತ್ರಗಳ ಗಣತಿಯನ್ನೇ ಮಾಡಿರಲಿಲ್ಲ.

ಆದುದರಿಂದ ಮೊದಲ ಕೆಲವು ವಾರ ಯಾರನ್ನೂ ತಡೆಯದೆ, ಯಾರು ಬಂದರೆಂಬುದನ್ನಷ್ಟೇ ಬರೆದುಕೊಳ್ಳುವಂತೆ ಸ್ವಿಚ್ಚುಗಳನ್ನು ಇಡಬೇಕು. ಆಮೇಲೆ ಒಂದು ವಿಭಾಗ, ಅದು ನೆಟ್ಟಗಾದ ಮೇಲೆ ಇನ್ನೊಂದು. ಸಂಬಳದ ವಾರದಲ್ಲಿ ಏನನ್ನೂ ಮುಟ್ಟಕೂಡದು. ಹಾಜರಿ ಯಂತ್ರ, ಮುದ್ರಕ, ಕ್ಯಾಮೆರಾಗಳಂಥ ಮೂಕ ಯಂತ್ರಗಳನ್ನು ಮ್ಯಾಕ್ ವಿಳಾಸದ ಮೇಲೆಯೇ ಬಿಡಬೇಕಾಗುತ್ತದೆ. ಆದರೆ ಬೇರೆ ವಿಲ್ಯಾನಿನಲ್ಲಿಟ್ಟು, ತಮ್ಮ ಸರ್ವರಿನೊಡನೆ ಮಾತ್ರ ಮಾತಾಡಲು ಬಿಡಿ. ಅತಿಥಿಗಳ ಫೋನುಗಳಿಗೆ ಬರಿಯ ಇಂಟರ್ನೆಟ್ಟು ಸಾಕು.

ಕೊಳ್ಳುವಾಗ ಕೇಳಬೇಕಾದದ್ದು: ಈಗಿರುವ ಸ್ವಿಚ್ಚುಗಳೊಡನೆ ನಡೆಯುವುದೇ? ಲೈಸೆನ್ಸು ಯಂತ್ರಕ್ಕಿಷ್ಟೋ, ವರ್ಷಕ್ಕಿಷ್ಟೋ? ರೇಡಿಯಸ್ ಸರ್ವರು ಕೆಟ್ಟರೆ ಬಾಗಿಲು ತೆರೆದಿರುವುದೋ, ಮುಚ್ಚಿಕೊಳ್ಳುವುದೋ? ಎರಡನೆಯ ಸರ್ವರಿಗೂ ಸೇರಿಸಿ ದರ ಕೇಳಿರಿ. ಪ್ಯಾಕೆಟ್‌ಫೆನ್ಸ್ ಎಂಬುದು ಧರ್ಮಕ್ಕೆ ಸಿಗುತ್ತದೆ, ಆದರೆ ನಡೆಸಬಲ್ಲವನು ಬೇಕು. ಯಾವುದನ್ನೇ ಆಗಲಿ, ನಿಮ್ಮಲ್ಲಿರುವ ಅತ್ಯಂತ ಹಳೆಯ ಹಾಜರಿ ಯಂತ್ರವನ್ನು ಎದುರಿಗಿಟ್ಟು ಪರೀಕ್ಷಿಸಿದ ಮೇಲೆಯೇ ಹಣ ಕೊಡಿಸಿರಿ.