ಡಬ್ಬಿ ಬಿಚ್ಚುವ ಹೊತ್ತಿಗೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ

ಏಳನೇ ತರಗತಿವರೆಗೆ ಊರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಎಂಟಕ್ಕೆ ಬರುವಾಗ ದಿಕ್ಕಿಗೊಬ್ಬರಾಗುತ್ತಾರೆ. ಒಬ್ಬಳು ಪೇಟೆಯ ಹೈಸ್ಕೂಲಿಗೆ, ಒಬ್ಬಳು ಹಾಸ್ಟೆಲ್ಲಿಗೆ, ಇನ್ನೊಬ್ಬಳು ಇಂಗ್ಲಿಷ್ ಮೀಡಿಯಂಗೆ. ಹೊಸ ಶಾಲೆಯಲ್ಲಿ ಎಲ್‌ಕೆಜಿಯಿಂದ ಜೊತೆಗಿದ್ದವರ ಗುಂಪುಗಳು ಆಗಲೇ ಗಟ್ಟಿಯಾಗಿರುತ್ತವೆ. ಇಂಗ್ಲಿಷ್ ತಪ್ಪಾದರೆ ನಗುತ್ತಾರೆಂದು ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ್ದಕ್ಕೆ ‘ಜಂಬದವಳು’ ಎಂಬ ಹೆಸರು ಬರುತ್ತದೆ. ಜೂನ್‌ನಲ್ಲಿ ಸೇರಿದವಳು ದಸರಾ ರಜೆ ಬಂದರೂ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದರೆ ಮನೆಯವರು ಕೈಹಾಕಬೇಕು. ಆದರೆ ಮೆಲ್ಲಗೆ.

ಮೊದಲು ನೋಡಿ, ಆಮೇಲೆ ಕೇಳಿ

ಒಬ್ಬರೇ ಇರಲು ಇಷ್ಟಪಡುವ ಮಕ್ಕಳಿದ್ದಾರೆ. ಮನೆಗೆ ಬಂದು ಪುಸ್ತಕ ಹಿಡಿದು ಖುಷಿಯಾಗಿರುವ ಹುಡುಗನನ್ನು ‘ರಿಪೇರಿ’ ಮಾಡಲು ಹೋಗಬೇಡಿ. ನೋಡಬೇಕಾದದ್ದು ಬೇರೆ. ಭಾನುವಾರ ಸಂಜೆಯಾದರೆ ಹೊಟ್ಟೆನೋವು, ಊಟ ತುಂಬಿಕೊಂಡೇ ವಾಪಸಾಗುವ ಡಬ್ಬಿ, ಹೋಂವರ್ಕ್ ಕೇಳಲು ಫೋನ್ ಮಾಡುವಂಥ ಒಬ್ಬರೂ ಇಲ್ಲದಿರುವುದು, ಹುಟ್ಟುಹಬ್ಬಕ್ಕೆ ‘ಯಾರೂ ಬೇಡ’ ಎನ್ನುವುದು.

ಎದುರು ಕೂರಿಸಿಕೊಂಡು ‘ನಿಂಗ್ಯಾಕೆ ಫ್ರೆಂಡ್ಸೇ ಇಲ್ಲ?’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಹದಿಮೂರು, ಹದಿನಾಲ್ಕರ ಮಕ್ಕಳು ಮಾತಾಡುವುದು ಕಣ್ಣಿಗೆ ಕಣ್ಣು ಸೇರದ ಕಡೆ. ಸ್ಕೂಟರಿನ ಹಿಂದಿನ ಸೀಟು, ಅವರೆಕಾಯಿ ಸುಲಿಯಲು ಕೂತ ಜಗಲಿ, ದೀಪ ಆರಿಸಿದ ಮೇಲಿನ ಹತ್ತು ನಿಮಿಷ. ‘ಇವತ್ತು ಊಟಕ್ಕೆ ಎಲ್ಲಿ ಕೂತಿದ್ದೆ?’ ಎಂಬ ಸಣ್ಣ ಪ್ರಶ್ನೆ ಸಾಕು. ಉತ್ತರ ಬಂದಾಗ ‘ನೀನೇ ಹೋಗಿ ಮಾತಾಡಿಸಬೇಕಪ್ಪ’ ಎಂದು ಉಪದೇಶಕ್ಕಿಳಿಯಬೇಡಿ. ಅದು ಅವನಿಗೂ ಗೊತ್ತು, ಆಗುತ್ತಿಲ್ಲ ಅಷ್ಟೆ. ‘ನಿನ್ನ ಅಕ್ಕ ನೋಡು’ ಎಂಬ ಮಾತನ್ನಂತೂ ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಿ.

ಗುಂಪು ಬೇಡ, ಒಬ್ಬರು ಸಾಕು

ಗಟ್ಟಿಯಾದ ಗುಂಪಿಗೆ ನುಗ್ಗುವುದು ದೊಡ್ಡವರಿಗೇ ಕಷ್ಟ. ತರಗತಿಯಲ್ಲಿ ಇನ್ಯಾರು ಒಂಟಿಯಾಗಿದ್ದಾರೆ, ಅದೇ ಬಸ್ಸಿಗೆ ಯಾರು ಬರುತ್ತಾರೆ ಎಂದು ನೀವೂ ಮಗುವೂ ಸೇರಿ ಯೋಚಿಸಿ. ‘ನನ್ನ ಫ್ರೆಂಡ್ ಆಗ್ತೀಯಾ’ ಎಂದು ಕೇಳುವ ವಯಸ್ಸು ದಾಟಿದೆ. ‘ಸೈನ್ಸ್ ನೋಟ್ಸ್ ಒಂದಿನ ಕೊಡ್ತೀಯಾ?’ ಎಂದು ಕೇಳಬಹುದು. ಸಣ್ಣ ಸಹಾಯ ಕೇಳುವುದು ಮಾತಿಗೆ ಒಳ್ಳೆಯ ನೆಪ, ಪುಸ್ತಕ ಹಿಂತಿರುಗಿಸುವಾಗ ಎರಡನೇ ಮಾತಿಗೂ ದಾರಿ. ಬೇಕಿದ್ದರೆ ಮನೆಯಲ್ಲೇ ಒಂದೆರಡು ಸಲ ಆಡಿ ನೋಡಲಿ. ನೀವು ಆ ಸಹಪಾಠಿಯ ಪಾತ್ರ ಮಾಡಿ, ಒಮ್ಮೆ ‘ಇಲ್ಲ, ಕೊಡಲ್ಲ’ ಎಂದೂ ಹೇಳಿ. ಇಲ್ಲ ಎನಿಸಿಕೊಂಡರೂ ಆಕಾಶ ಬೀಳುವುದಿಲ್ಲ ಎಂಬುದು ಮನೆಯಲ್ಲೇ ಅಭ್ಯಾಸವಾಗಲಿ.

ಗಂಟೆಗಳ ಲೆಕ್ಕ

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು ಹೀಗಿದೆ: ಪರಿಚಯವು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗೂ ಹೆಚ್ಚು. ಅದು ಕಾಲೇಜು ವಿದ್ಯಾರ್ಥಿಗಳು ಮತ್ತು ದೊಡ್ಡವರ ಮೇಲೆ ನಡೆದದ್ದು, ಮಕ್ಕಳಿಗೆ ಹಾಗೆಯೇ ಹೊಂದದು. ಆದರೂ ಲೆಕ್ಕ ಹಾಕಿ ನೋಡಿ. ದಿನಕ್ಕೆ ಅರ್ಧ ಗಂಟೆ ಊಟದ ಬಿಡುವೆಂದರೆ 50 ಗಂಟೆಗೆ ನೂರು ದಿನ ಬೇಕು. ಪಾಠದ ವೇಳೆ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ! ಹಾಗಾಗಿ ಮನೆಯವರು ಒದಗಿಸಬಹುದಾದದ್ದು ಗೆಳೆಯರನ್ನಲ್ಲ, ಈ ಗಂಟೆಗಳನ್ನು.

ಶಾಲೆಯಲ್ಲಿ ಎನ್‌ಸಿಸಿ ಇದ್ದರೆ, ಸ್ಕೌಟ್ಸ್ ಮತ್ತು ಗೈಡ್ಸ್ ಇದ್ದರೆ ಸೇರಿಸಿ. ಖೋ-ಖೋ ತಂಡ, ಪ್ರತಿಭಾ ಕಾರಂಜಿಯ ನಾಟಕದ ತಾಲೀಮು, ಕರಾವಳಿಯಾದರೆ ಯಕ್ಷಗಾನದ ತರಗತಿ, ಯಾವುದಾದರೂ ಸರಿ. ಕೈಗೆ ಕೆಲಸವಿದ್ದು ಅದೇ ಮುಖಗಳು ವಾರವಾರವೂ ಎದುರಾಗಬೇಕು. ಮಗುವಿಗೆ ಇಷ್ಟವಿಲ್ಲದ್ದಕ್ಕೆ ದೂಡಿದರೆ ಅಲ್ಲೂ ಒಂಟಿಯೇ.

ಒಬ್ಬರ ಜೊತೆ ಮಾತು ಹತ್ತಿದ ಮೇಲೆ ಮನೆಗೆ ಕರೆಯಿರಿ. ಎರಡು ಗಂಟೆ ಸಾಕು, ಮಾಡಲು ಏನಾದರೂ ಇರಲಿ: ಪ್ರಾಜೆಕ್ಟ್, ಕ್ಯಾರಂ, ಟಿವಿಯಲ್ಲಿ ಮ್ಯಾಚು. ಚುರುಮುರಿ ಕಲಸಿಕೊಟ್ಟು ಒಳಗೆ ಹೋಗಿ. ‘ನಿಮ್ಮಪ್ಪ ಏನ್ಮಾಡ್ತಾರೆ, ಪರೀಕ್ಷೇಲಿ ಎಷ್ಟು ಬಂತು’ ಎಂಬ ವಿಚಾರಣೆ ಬೇಡ. ಬಂದವನು ಇನ್ನೊಮ್ಮೆ ಬರಬೇಕಲ್ಲ!

ಶಾಲೆಯವರ ಜೊತೆ

ಪೋಷಕರ ಸಭೆಯ ಗದ್ದಲದಲ್ಲಿ ಈ ಮಾತು ಎತ್ತಬೇಡಿ. ಬೇರೆ ದಿನ ಕ್ಲಾಸ್ ಟೀಚರನ್ನು ಕಂಡು ಎರಡೇ ವಿಷಯ ಕೇಳಿ: ಕೂರುವ ಜಾಗ ಬದಲಿಸಬಹುದೇ, ಗುಂಪು ಚಟುವಟಿಕೆಯಲ್ಲಿ ಮೃದು ಸ್ವಭಾವದ ಒಬ್ಬರ ಜೊತೆ ಹಾಕಬಹುದೇ. ತರಗತಿಯಲ್ಲಿ ‘ಎಲ್ಲರೂ ಇವಳನ್ನು ಮಾತಾಡಿಸಿ’ ಎಂದು ಹೇಳಬಾರದೆಂದೂ ತಿಳಿಸಿ. ಹಾಗೆ ಹೇಳಿದ ದಿನ ಮಗು ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತದೆ.

ಅಡ್ಡಹೆಸರು, ತಳ್ಳುವುದು, ಜಾತಿ ಅಥವಾ ಬಣ್ಣ ಹಿಡಿದು ಆಡಿಕೊಳ್ಳುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಗಿಸುವುದು ನಡೆಯುತ್ತಿದ್ದರೆ ಅದು ಕಿರುಕುಳ, ಇಲ್ಲಿ ಗೆಳೆತನದ ಸಲಹೆ ನಡೆಯುವುದಿಲ್ಲ. ದಿನಾಂಕ ಬರೆದಿಟ್ಟು, ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಖ್ಯ ಶಿಕ್ಷಕರಿಗೆ ಲಿಖಿತ ದೂರು ಕೊಡಿ.

ಕಾಯಬಾರದ ಹೊತ್ತು

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಯಾಗದಿದ್ದರೆ, ಮೊದಲು ಇಷ್ಟವಿದ್ದದ್ದೂ ಬೇಡವಾದರೆ ವೈದ್ಯರಿಗೆ ತೋರಿಸಿ. ‘ನಾನಿಲ್ಲದಿದ್ದರೇ ಒಳ್ಳೇದು’ ಎಂಬ ಮಾತು ಬಂದರೆ, ಮೈಮೇಲೆ ಗಾಯ ಮಾಡಿಕೊಂಡದ್ದು ಕಂಡರೆ ಅಂದೇ ತೋರಿಸಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಕರೆ ಮಾಡುವುದು ಮಗುವೇ ಆಗಬೇಕೆಂದಿಲ್ಲ, ಏನು ಮಾಡಲೂ ತೋಚದೆ ಕೂತ ಅಪ್ಪ, ಅಮ್ಮನೂ ಮಾಡಬಹುದು.