ಋಣವೂ ಕಳವೂ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಊರಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥವಾದ 'ಕವಿರಾಜಮಾರ್ಗ'ವು ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅಲಂಕಾರಗಳ ವಿಷಯದಲ್ಲಿ ಅದು ದಂಡಿಯ 'ಕಾವ್ಯಾದರ್ಶ'ಕ್ಕೆ ಬಹಳ ಋಣಿಯಾಗಿದೆ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹಿಂದಿನ ಗದ್ಯಲೇಖಕರನ್ನು ಅದು ಹೆಸರಿಸುತ್ತದೆ. ಅವರ ಕನ್ನಡ ಗದ್ಯಕೃತಿಗಳು ನಮಗೆ ದೊರೆತಿಲ್ಲ. ಆದರೂ ಅವರು ಕನ್ನಡದಲ್ಲಿ ಬರೆದಿದ್ದರೆಂಬುದನ್ನು ನಾವು ಬಲ್ಲೆವು. ಹಿಂದಿನವರ ಹೆಸರನ್ನು ಹೇಳುವುದರ ಮಹತ್ವವು ಇದರಿಂದ ವ್ಯಕ್ತವಾಗುತ್ತದೆ.

ಹಾಗಾದರೆ ಪರರಿಂದ ಪಡೆಯುವುದೆಲ್ಲವೂ ಕಳವೇ? ಅಲ್ಲ. ವಿದ್ಯೆಯು ಬೆಳೆಯುವುದೇ ಪಡೆಯುವುದರಿಂದ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಪ್ರಶ್ನೆಯೂ ಹೊಸದಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ಬೇರೆಬೇರೆಯಾಗಿ ವಿವೇಚಿಸಿದ್ದಾನೆ. ಪರರ ಮಾತನ್ನಾಗಲಿ ವಿಚಾರವನ್ನಾಗಲಿ ಮೂಲವನ್ನು ಮರೆಮಾಚಿ ತನ್ನದೆಂದು ತೋರಿಸಿಕೊಳ್ಳುವುದೇ ಇಂದಿನ ಸಂಶೋಧನ ಕ್ಷೇತ್ರದಲ್ಲಿ ಕೃತಿಚೌರ್ಯವೆನಿಸುತ್ತದೆ.

ಇದರಿಂದ ಹಾನಿ ಮೂಲ ಲೇಖಕನೊಬ್ಬನಿಗೇ ಅಲ್ಲ. ಒಂದೇ ಪ್ರಯೋಗವು ಎರಡು ಹೆಸರುಗಳಲ್ಲಿ ಪ್ರಕಟವಾದರೆ, ಮುಂದಿನ ವಿದ್ವಾಂಸನು ಅದನ್ನು ಎರಡು ಪ್ರಯೋಗಗಳೆಂದು ಎಣಿಸುವನು. ಔಷಧದ ವಿಷಯದಲ್ಲಾದರೆ ರೋಗಿಯ ಪ್ರಾಣಕ್ಕೇ ಅಪಾಯ ಒದಗಬಹುದು.

ಆದಕಾರಣ ಸಂಶೋಧನ ಪತ್ರಿಕೆಗಳ ಸಂಪಾದಕರು ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಗಣಕಯಂತ್ರದ ನೆರವಿನಿಂದ ಹಳೆಯ ಬರಹಗಳೊಡನೆ ಹೋಲಿಸಿ ನೋಡುತ್ತಾರೆ. ಯಂತ್ರವು ಹೋಲಿಕೆಯನ್ನು ತೋರಿಸಬಲ್ಲದೇ ಹೊರತು ತೀರ್ಪು ಕೊಡಲಾರದು. ಸಂಶಯ ಬಂದಾಗ ಮೊದಲು ಲೇಖಕನ ವಿವರಣೆಯನ್ನು ಕೇಳುವುದು ನ್ಯಾಯ. ಪ್ರಕಟವಾದ ಮೇಲೆ ದೋಷವು ಸ್ಥಿರಪಟ್ಟರೆ, ಕಾರಣವನ್ನು ತಿಳಿಸಿ ಲೇಖನವನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಲಾಗುತ್ತದೆ.

ನಮ್ಮ ದೇಶದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಈ ಬಗ್ಗೆ ನಿಯಮಗಳನ್ನು ರಚಿಸಿತು. ಅವುಗಳ ಪ್ರಕಾರ ಹೋಲಿಕೆಯು ಶೇಕಡ 10ನ್ನು ಮೀರದಿದ್ದರೆ ದಂಡನೆಯಿಲ್ಲ. ಶೇಕಡ 60ನ್ನು ಮೀರಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಮೂಲವನ್ನು ಸೂಚಿಸಿ ಉದ್ಧರಿಸಿದ ಮಾತುಗಳೂ ಗ್ರಂಥಸೂಚಿಯೂ ಈ ಲೆಕ್ಕಕ್ಕೆ ಸೇರುವುದಿಲ್ಲ.

ದಂಡನೆಗಿಂತಲೂ ಶಾಲೆಯಲ್ಲಿಯೇ ಮೂಡುವ ಅಭ್ಯಾಸವು ಮೇಲು. ಓದುವಾಗ ಟಿಪ್ಪಣಿಯ ಪಕ್ಕದಲ್ಲಿ ಪುಸ್ತಕದ ಹೆಸರನ್ನೂ ಪುಟದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಪರರ ಮಾತನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಪರರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳಿದಾಗಲೂ ಅವರನ್ನು ಹೆಸರಿಸಬೇಕು.

ಮಳಖೇಡಕ್ಕೆ ದೂರವಲ್ಲದ ಶಹಾಬಾದಿನ ಕಲ್ಲು ಎಷ್ಟೋ ದೂರದ ಮನೆಗಳಿಗೆ ಹಾಸುಗಲ್ಲಾಗಿದೆ. ಎಲ್ಲಿಗೆ ಹೋದರೂ ಅದು ಶಹಾಬಾದ್ ಕಲ್ಲೆಂದೇ ಹೆಸರಾಗಿದೆ. ಹಾಗೆಂದು ಮನೆ ಕಟ್ಟಿಸಿದವನ ಗೌರವವು ಕುಂದಿಲ್ಲ. ನಮ್ಮ ಬರಹದಲ್ಲಿ ಪರರ ಹೆಸರು ಕಾಣಿಸಿಕೊಂಡರೆ ನಮ್ಮ ಗೌರವವೂ ಕುಂದುವುದಿಲ್ಲ.