ಎಳೆಹೂಟೆಗೂ ಬಗ್ಗದ ನಿಷ್ಠೆ

ಪ್ರಾಣಕ್ಕೇ ಸಂಚಕಾರ ಬಂದಾಗ ನಂಬಿದ್ದನ್ನು ಬಿಡಬೇಕೋ, ಹಿಡಿಯಬೇಕೋ?

12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತು. ಲಿಂಗ ಕಟ್ಟಿದ ಮೇಲೆ ಜಾತಿಯಿಲ್ಲವೆಂಬುದೇ ಅವರ ನಂಬಿಕೆ. ವರ್ಣಸಂಕರವಾಯಿತೆಂದು ದೂರು ಹೋಗಿ, ಬಿಜ್ಜಳ ಅರಸ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಅವರು ನಂಬಿಕೆ ಬಿಡಲಿಲ್ಲ, ಜೀವ ಬಿಟ್ಟರು.

ಹಾಗಂತ ಜೀವ ಉಳಿಸಿಕೊಂಡವರು ಹೇಡಿಗಳಲ್ಲ. ಚನ್ನಬಸವಣ್ಣನವರೊಡನೆ ಉಳವಿಯತ್ತ ಹೊರಟ ಶರಣರು ವಚನದ ಕಟ್ಟುಗಳನ್ನು ಕಾದು ಉಳಿಸಿದರು. ಸತ್ತವರೂ ಬದುಕಿದವರೂ ಬಿಟ್ಟುಕೊಡದಿದ್ದುದು ಒಂದೇ, ನಂಬಿದ ಮಾತು.

ನಮಗಿಂದು ಎಳೆಹೂಟೆಯಿಲ್ಲ, ಪಕ್ಕದವರ ಜಾತಿ ಕೇಳದೆ ಪ್ರಸಾದಕ್ಕೆ ಕೂತರೆ ಸಾಕು, ಅದೇ ನಿಷ್ಠೆ.